ಅಮಾಲಿಯೆಯ ಗಂಟಲು

ಹೆಲ್ಸಿಂಗ್‌ಬೋರ್ಯ್, ಸ್ವೀಡನ್
೩ ನವೆಂಬರ್ ೨೦೨೪

ಪೂಜ್ಯ ಅತ್ತೆಯವರಿಗೆ ಬದರಿನಾಥನ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಪಾಠದ ಮಕ್ಕಳಿಗೆ ಈಗಲೂ ಮಂಡಿ ತಟ್ಟಿಯೇ ತಾಳ ತೋರಿಸುತ್ತೀರಂತೆ. ಇಷ್ಟು ಹೊತ್ತಿಗೆ ನೋವಿಗೂ ಲಯ ಕೂಡಿರಬೇಕು. ಇಲ್ಲಿ ಸಂಜೆ ಕಾಫಿಗೇ ಕತ್ತಲು. ನಾನು ಕ್ಷೇಮ, ಅಂದರೆ ಅಳಿಯ ಇನ್ನೂ ಅಳುತ್ತಿಲ್ಲ. ಫೋನು ಬಿಟ್ಟು ಕಾಗದ ಯಾಕೆ ಅಂತೀರಾ? ಈ ಮನೆಯ ಗೋಡೆ ತೆಳು, ನಿಮ್ಮ ಮಗಳ ಕಿವಿ ಚುರುಕು.

ಡಿಸೆಂಬರಿನ ಲೂಸಿಯಾ ಹಬ್ಬಕ್ಕೆ ಇಲ್ಲಿನ ಲೈಬ್ರರಿಯಲ್ಲಿ ಜಾನಕಿಯ ಕಾರ್ಯಕ್ರಮ ನಿಗದಿಯಾಗಿದೆ. ನೂರೈವತ್ತು ವರ್ಷದ ಹಿಂದೆ ಈ ಊರಿಗೆ ಬಂದು ನೆಲೆಸಿದ ಜರ್ಮನ್ ಒಪೆರಾ ಗಾಯಕಿ ಅಮಾಲಿಯೆ ಕ್ರೆನ್ಸ್‌ಳ ಬದುಕನ್ನು ಹಾಡುತ್ತಾ ಹೇಳುವುದು, ನಮ್ಮ ಹರಿಕಥೆಯ ಹಾಗೆ. ಅಮಾಲಿಯೆ ಬೇಕರಿಯವನ ಮಗಳು. ಹದಿನೆಂಟಕ್ಕೆ ರಂಗ ಏರಿದಳು, ರಾಜರಾಣಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂವತ್ತು ದಾಟಿದ ಮೇಲೆ ಒಂದು ಸಂಜೆ ಮೇಲಿನ ಸ್ವರ ಒಡೆಯಿತು. ಗುರು, 'ಇನ್ನೂ ಹಾಡು, ಕಟ್ಟಿದ್ದು ಬಿಡುತ್ತೆ' ಅಂದರು. ಹಾಡಿದಳು. ಕೊನೆಗೆ ಮಾತೂ ನಿಂತು, ಇಲ್ಲಿ ಮಕ್ಕಳಿಗೆ ಬರೀ ಕೈಸನ್ನೆಯಲ್ಲಿ ಪಾಠ ಹೇಳಿಕೊಟ್ಟು ತೀರಿಕೊಂಡಳು. ಇದನ್ನು ಓದಿ ಜಾನಕಿ ಕಣ್ಣೊರೆಸಿಕೊಂಡು, "ನೋಡ್ರೀ, ಗುರುಗಳ ಮಾತು ಮೀರಲಿಲ್ಲ" ಅಂದಳು. "ಮೀರಿದ್ರೆ ಗಂಟಲು ಉಳೀತಿತ್ತಲ್ಲೇ" ಅಂದೆ. ಅವತ್ತಿನ ಸಾರಿನಲ್ಲಿ ಉಪ್ಪಿರಲಿಲ್ಲ.

ತನ್ನ ಗಂಟಲು ಒರಟಾಗಿದೆ ಅಂತ ಮಾತ್ರ ಜಾನಕಿ ನಿಮಗೆ ಹೇಳಿದ್ದಾಳೆ. ನೀವು ಬೆಳಗಿನ ಜಾವದ ಮಂದ್ರ ಸಾಧನೆ ಹೇಳಿದಿರಿ. ಸರಿಯಾದ ಮದ್ದೇ. ಅವಳೂ ದಿನಾ ಐದಕ್ಕೇ ಎದ್ದು, ಸ್ವೆಟರ್ ಮೇಲೆ ಶಾಲು ಹೊದ್ದು, ಶ್ರುತಿ ಹಾಕಿಕೊಂಡು ಕೂರುತ್ತಾಳೆ. ಮೊದಲು ಷಡ್ಜ ಬರುತ್ತಿತ್ತು, ಈಗ ಬರೀ ಗಾಳಿ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ. ನಿಲ್ಲು ಅನ್ನಲು ನಾನ್ಯಾರು? ನನಗೆ ಗೊತ್ತಿರುವ ರಾಗ ಗೊರಕೆಯೊಂದೇ.

ಮಾವನವರಿಗೆ ನಮಸ್ಕಾರ. ನಿಮ್ಮ ಆಶೀರ್ವಾದ ಈ ಸಲ ಸ್ವಲ್ಪ ಜಾಸ್ತಿ ಬೇಕು.

ಇಂತಿ,
ಬದರಿ

ತಾ.ಕ.: ಅವಳ ಧ್ವನಿತಂತುವಿನಲ್ಲಿ ಗಂಟಾಗಿದೆ. ಹೊಸ ವರ್ಷದವರೆಗೆ ಹಾಡಬಾರದು, ಮಾತೂ ಆದಷ್ಟು ಬೇಡ, ಇಲ್ಲದಿದ್ದರೆ ಧ್ವನಿ ಮರಳುವ ಭರವಸೆಯಿಲ್ಲ ಎಂದಿದ್ದಾರೆ ಡಾಕ್ಟರು. ನಿಮಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ನಾನು ಹೇಳಿದರೆ ಗೊಣಗಾಟ, ಡಾಕ್ಟರು ಹೇಳಿದರೆ ಸಂಗೀತ ತಿಳಿಯದವರ ಮಾತು. ನೀವು ಹೇಳಿದರೆ ಮಾತ್ರ ಪಾಠ. ಕಾಗದ ತಲುಪಿದ ಕೂಡಲೇ ಫೋನ್ ಮಾಡಿ, ಅಮ್ಮನಾಗಿ ಅಲ್ಲ, ಗುರುವಾಗಿ, 'ಬಾಯಿ ಮುಚ್ಚು' ಅಂದುಬಿಡಿ. ಅತ್ತರೆ ಕರಗಬೇಡಿ. ಅಳುವಷ್ಟು ಧ್ವನಿ ಇನ್ನೂ ಉಳಿದಿದೆ.