ಅಜ್ಜಿಗೆ ಆಗದ ಔಷಧಿ

ಅಪ್ಪಾ,

ಹೌದು, ವಾರ್ಡಲ್ಲಿ ಅಜ್ಜಿ ಹತ್ರ ನಮ್ಮ ಮನೆಮಾತಲ್ಲೇ ಮಾತಾಡಿದೆ. ಅಲ್ಲಿದ್ದ ನರ್ಸು ನಮ್ಮ ಮನೆ ಓನರ್ ಹೆಂಡ್ತಿ ಅಂತಾನೂ ಗೊತ್ತಿತ್ತು. ಇದೇ ಊರಿನವರು ಅಂತ ಇಪ್ಪತ್ತು ವರ್ಷ ನೀವು ಹೇಳ್ಕೊಂಡು ಬಂದ ಸುಳ್ಳು ಬಯಲಾಯ್ತು, ಆಗ್ಲಿ. ಮನೆ ಬಿಡಿಸಿದ್ರೆ ಇನ್ನೊಂದು ನೋಡೋಣ.

ಅವಳ ಭಾಷೆ ತಿಳೀದೆ, ಅಜ್ಜಿ ಸುಮ್ನೆ ಬಡಬಡಿಸ್ತಾಳೆ ಅಂತ ಡಾಕ್ಟರು ಬರ್ಕೊಂಡಿದಾರೆ. ಅವಳು ಯಾವುದೋ ಔಷಧಿ ತನಗೆ ಆಗಲ್ಲ ಅಂತಿದಾಳೆ. ಯಾವುದು ಅಂತ ನಂಗೆ ತಿಳೀತಿಲ್ಲ. ಚಿಕ್ಕಂದಿನಲ್ಲಿ ನಾನು ಮನೆಮಾತು ಆಡಿದಾಗೆಲ್ಲ ನೀವು ಬಾಯಿಗೆ ಹೊಡೆದ್ರಲ್ಲ, ಅರ್ಧಂಬರ್ಧ ಬಂತು. ಪೂರ್ತಿ ಬರೋದು ಇಡೀ ಊರಲ್ಲಿ ನಿಮಗೊಬ್ಬರಿಗೇ.

ಹನ್ನೊಂದಕ್ಕೆ ಇಂಜೆಕ್ಷನ್ ಕೊಡ್ತಾರೆ. ಅಷ್ಟರೊಳಗೆ ಬನ್ನಿ. ನನ್ನ ಆಮೇಲೆ ಬೈಯಿರಿ.

ಮುಸುಕೆಳ್ಕೊಂಡು ನಿದ್ದೆ ನಾಟಕ ಆಡ್ತಿದೀರಿ. ಚೀಟಿ ದಿಂಬಿನ ಹತ್ರ ಇಟ್ಟಿದೀನಿ. ಬಾಗಿಲು ದಢಾರ್ ಅಂತ ಹಾಕ್ಕೊಂಡು ಹೋಗ್ತೀನಿ, ಎದ್ದೇಳಿ.

ಇಂತಿ,
ಶಾಲೆ ಬಿಟ್ಟ ನಿಮ್ಮ ಕತ್ತೆ