ಖಾಲಿ ಉಳಿದ ಸೀಟಿಗೆ ‘ಸೇಫ್’ ಎಂದು ಹೆಸರಿಟ್ಟವರಿಗೆ

ಕಾಲೇಜು ಆಯ್ಕೆ ಮಾರ್ಗದರ್ಶನ ಶಿಬಿರದ ಮಾನ್ಯ ಅಧಿಕಾರಿಗಳೇ,

ತಾವು ‘ಸೇಫ್’ ಎಂದು ಗುರುತು ಹಾಕಿಕೊಟ್ಟ ಕಾಲೇಜನ್ನು ತಾವು ಕಂಡಿಲ್ಲ. ನಾನು ಹೋಗಿ ಕಂಡು ಬಂದೆ. ಅದಕ್ಕೇ ಈ ಪತ್ರ.

ನಾನು ಹನಗೋಡಿನ ಕಡೆಯ ಅಂಗನವಾಡಿ ಕಾರ್ಯಕರ್ತೆ. ಮಗಳು ಸ್ಪಂದನಾಳನ್ನು ಹುಣಸೂರಿನ ತಮ್ಮ ಶಿಬಿರಕ್ಕೆ ಕರೆತಂದಿದ್ದೆ. ಅವಳಿಗೆ ಬೇಕಿದ್ದದ್ದು ಬಿ.ಎಸ್ಸಿ. ಕೃಷಿ. ಅವಳ ರ‍್ಯಾಂಕ್ ನೋಡಿ ತಾವು ಮುಖ ಹುಳ್ಳಗೆ ಮಾಡಿಕೊಂಡು, "ಆಸೆ ಮೇಲಿರಲಿ, ಕೆಳಗೊಂದು ಸೇಫ್ಟಿ ಕಾಲೇಜು ಹಾಕ್ಕೊಳ್ಳಿ" ಎಂದು ದೂರದ ಒಂದು ಇಂಜಿನಿಯರಿಂಗ್ ಕಾಲೇಜನ್ನು ತೋರಿಸಿದಿರಿ. ಹೋದ ವರ್ಷ ಅಲ್ಲಿ ಎಂಥ ರ‍್ಯಾಂಕಿಗೂ ಸೀಟು ಸಿಕ್ಕಿತ್ತಂತೆ. ಯಾಕೆ ಸಿಕ್ಕಿತು ಎಂದು ಕೇಳಿದೆ. "ಅದೆಲ್ಲ ನಿಮಗ್ಯಾಕಮ್ಮ, ಡೇಟಾ ಇದೆ" ಎಂದಿರಿ.

ಶನಿವಾರ ತಾಯಿ ಮಗಳು ಹೊರಟೆವು. ಹುಣಸೂರಿಗೊಂದು ಬಸ್ಸು, ಮೈಸೂರಿಗೊಂದು, ಅಲ್ಲಿಂದ ಮುಂದಕ್ಕೆ ಮತ್ತೊಂದು. ಇಳಿದ ಮೇಲೆ ಮೂರು ಕಿಲೋಮೀಟರ್ ಜಲ್ಲಿ ರಸ್ತೆ. ಗೇಟಿನಲ್ಲಿ ಹುಚ್ಚಯ್ಯನೆಂಬ ಕಾವಲುಗಾರ ಕುಳಿತಿದ್ದ.

"ಹೆಣ್ಮಕ್ಳ ಹಾಸ್ಟ್ಲು ಎಲ್ಲೈತಣ್ಣ?" ಎಂದೆ.

"ಕಟ್ತಾವ್ರೆ ಕಣವ್ವ. ನಾನು ಇಲ್ಗೆ ಬಂದು ಆರು ವರ್ಸ ಆಯ್ತು, ಅವತ್ನಿಂದ ಕಟ್ತಾನೇ ಅವ್ರೆ."

"ಮತ್ತೆ ಹುಡ್ಗೀರು?"

"ಸೇರ್ಕತಾರೆ. ದಸರಾಕ್ಕೆ ಊರ್ಗೋದೋರು ತಿರ್ಗಿ ಬರಾಕಿಲ್ಲ. ಕ್ಲಾಸು ಬುಡೋದು ಐದಕ್ಕೆ, ಕಡೇ ಬಸ್ಸು ನಾಕೂವರೆಗೆ. ಇನ್ನೇನ್ ಮಾಡಾರು? ಅದ ಕೇಳಿ ವರ್ಸ ವರ್ಸ ಸೇರೋರೂ ಕಮ್ಮಿ, ಅದ್ಕೇ ಸೀಟು ಖಾಲಿ."

ಮಾನ್ಯರೇ, ತಮ್ಮ ಡೇಟಾ ಅರ್ಥವಾದದ್ದು ಆಗ. ಹುಡುಗಿಯರು ಓದು ಬಿಟ್ಟು ಮನೆಗೆ ಹೋದಷ್ಟೂ ಆ ಕಾಲೇಜು ತಮ್ಮ ಪಟ್ಟಿಯಲ್ಲಿ ಸೇಫ್ ಆಗುತ್ತ ಹೋಗುತ್ತದೆ. ಇದು ಯಾರ ಸೇಫ್ಟಿ? ಸೀಟಿನದೋ, ಕಾಲೇಜಿನದೋ, ತಮ್ಮ ‘ನೂರಕ್ಕೆ ನೂರು ಪ್ರವೇಶ’ ಎಂಬ ವರದಿಯದೋ?

ಮನೆಯಲ್ಲಿ ನನ್ನ ಯಜಮಾನರು, "ಅಷ್ಟು ಓದಿರೋ ಆಪೀಸರ್ರು ಸುಮ್ಕೆ ಏಳ್ತಾರಾ?" ಎಂದು ವಾದಿಸಿದರು. ಸ್ಪಂದನಾ ಒಂದೇ ಮಾತು ಹೇಳಿದಳು: "ಅಪ್ಪಯ್ಯ, ನೀನೇ ಒಂದ್ಸಲ ಆ ರಸ್ತೇಲಿ ನಡ್ಕೊಂಡ್ ಬಾ, ಆಮೇಲೆ ನಾನು ಸೇರ್ತೀನಿ." ಅವಳು ತನ್ನ ಆಯ್ಕೆ ಪಟ್ಟಿಯಿಂದ ಆ ಕಾಲೇಜಿನ ಹೆಸರು ಅಳಿಸಿದಳು. ತಮಗೆ ತಿಳಿಸಲು ಬಂದಾಗ, "ಆಮೇಲೆ ಅಳಬೇಡಿ" ಎಂದು ಆಶೀರ್ವದಿಸಿದಿರಿ.

ಅತ್ತೆವು. ಒಪ್ಪುತ್ತೇನೆ. ಕೃಷಿ ಸೀಟು ಬರಲಿಲ್ಲ. ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಅಳಿಸಿದ್ದು ತಪ್ಪಾಯಿತೇ ಎಂದು ನಾನೂ ಹಿಂದೆ ಮುಂದೆ ಯೋಚಿಸಿದೆ. ಮೂರನೆಯ ದಿನ ಅವಳೇ ಎದ್ದು ತಲೆ ಬಾಚಿಕೊಂಡು, ಹುಣಸೂರಿನ ಪದವಿ ಕಾಲೇಜಿಗೆ ಹೋಗಿ ಬಿ.ಎಸ್ಸಿ.ಗೆ ಸೇರಿ ಬಂದಳು. ತಮ್ಮ ಪಟ್ಟಿಯಲ್ಲಿ ಅಂಥ ಕಾಲೇಜುಗಳ ತಲೆಬರಹ ‘ಏನೂ ಸಿಗದವರಿಗೆ’. ಬೆಳಗ್ಗೆ ಹೋಗುತ್ತಾಳೆ, ಬೆಳಕಿರುವಾಗಲೇ ಬರುತ್ತಾಳೆ. ಸಸ್ಯಶಾಸ್ತ್ರದ ಮೇಡಂ ಒಳ್ಳೆಯವರಂತೆ. ಆದರೆ ಕೃಷಿ ಕಾಲೇಜಿನ ಮಾತು ಬಂದರೆ ಈಗಲೂ ಎದ್ದು ಒಳಗೆ ಹೋಗುತ್ತಾಳೆ.

ನನ್ನ ಬೇಡಿಕೆ ದೊಡ್ಡದಲ್ಲ. ಸೇಫ್ ಎಂದು ಬರೆಯುವ ಪ್ರತಿ ಕಾಲೇಜಿನ ಮುಂದೆ ಹಾಸ್ಟೆಲ್ ಇದೆಯೇ, ಕಡೆಯ ಬಸ್ಸು ಎಷ್ಟಕ್ಕೆ, ಸೇರಿದ ಹುಡುಗಿಯರಲ್ಲಿ ಎಷ್ಟು ಮಂದಿ ಎರಡನೇ ವರ್ಷ ಮುಟ್ಟಿದರು ಎಂದು ಅಚ್ಚು ಹಾಕಿಸಿ. ಹಾಳೆಯಲ್ಲಿ ಜಾಗ ಸಾಲದಿದ್ದರೆ, ಮೇಲಿರುವ ತಮ್ಮ ಭಾವಚಿತ್ರವನ್ನು ತೆಗೆದರಾಯಿತು.

ಇಂತಿ,
ಎರಡನೇ ಮಗಳೂ ಈ ವರ್ಷ ಪಿ.ಯು.ಸಿ. ಸೇರಿರುವುದರಿಂದ ತಮ್ಮಿಂದ ಇನ್ನೂ ಬಿಡುಗಡೆಯಿಲ್ಲದ,
ರಾಧಾ ಚೆಲುವರಾಜು