ಗೋಡೆಗೆ ಮುಖ ಮಾಡಿ ಕೂತ ಡುಮ್ಮ

ಅತ್ತಿಗೆ,

ಹೊಲಿಗೆ ಅಂಗಡಿಗೆ ಹೊರಟೆ. ಹಾಲು ಕಾಯಿಸಿದ್ದೇನೆ, ಮುಚ್ಚಿಡಿ.

ಸಂಜೆ ಆರಕ್ಕೆ ಬೇಕರಿಯವರು ಡುಮ್ಮನನ್ನು ಕರೆದೊಯ್ಯಲು ಬರುತ್ತಾರೆ. "ಈ ಮನೇಲಿ ಒಂದೋ ನಾಯಿ ಇರಬೇಕು, ಇಲ್ಲ ನಾನಿರಬೇಕು" ಅಂತ ಅಣ್ಣನ ಹತ್ತಿರ ನೀವೇ ಹಟ ಹಿಡಿದಿರಿ.

ಆದರೆ ನನಗೊಂದು ಗುಮಾನಿ. ನಿನ್ನೆ ನಾನು ಒಳಗೆ ಬಂದದ್ದೇ ತಡ, ಡುಮ್ಮ ಗೋಡೆಗೆ ಮುಖ ಮಾಡಿ ಕೂತ. ಆಮೇಲೆ ಎದ್ದು, ನಾನು ಎದುರಿಗೇ ನಿಂತಿದ್ದರೂ ಮಂಚದ ಕೆಳಗೆ ಹುಡುಕಿದ.

ಕಣ್ಣಾಮುಚ್ಚಾಲೆ ನಾನು ಕಲಿಸಿಲ್ಲ. ಅಣ್ಣನ ಹೊಟ್ಟೆ ಮಂಚದ ಕೆಳಗೆ ತೂರುವುದಿಲ್ಲ. ಅಲ್ಲಿ ನಿಮ್ಮ ಹೇರ್‌ಪಿನ್ ಸಿಕ್ಕಿತು, ಕನ್ನಡಿಯ ಮುಂದಿಟ್ಟಿದ್ದೇನೆ.

ನಾಯಿ ಕೊಡುವುದಿಲ್ಲವೆಂದು ಬೇಕರಿಯವರಿಗೆ ಫೋನ್ ಮಾಡಿಬಿಡಿ. ನಾಚಿಕೆಯಾದರೆ, ಅವರು ಬಂದಾಗ ನೀವೂ ಡುಮ್ಮನೂ ಮಂಚದ ಕೆಳಗೆ ಅವಿತುಕೊಳ್ಳಿ. ನಾನು ಆರಕ್ಕೆ ಮೊದಲೇ ಬಂದು, ಮನೆಯಲ್ಲಿ ಯಾರೂ ಇಲ್ಲವೆಂದು ಬಾಗಿಲಲ್ಲೇ ಹೇಳಿ ಕಳಿಸುತ್ತೇನೆ.